ಕೂಗು ನುಂಗಿದ ಕುಕ್ಕರ್

ಕುಕ್ಕರ್ ಸಿಡಿದು ಬೇಳೆಯೆಲ್ಲ ಸೂರಿಗೆ ಅಂಟಿದ ದಿನ ಹಿತ್ತಾಳೆ ಸೌಟಿನ ಮೂತಿ ಸೊಟ್ಟಗಾಯಿತು. ಎಂಟು ದಿನ ಬಿಟ್ಟು, ಹೊಸ ಗ್ಯಾಸ್ಕೆಟ್ ಹಾಕಿಸಿಕೊಂಡು ಥಳಥಳ ಹೊಳೆಯುತ್ತ ಬಂದ ಕುಕ್ಕರ್ ಒಲೆ ಏರಿ ಘೋಷಿಸಿತು: "ಮಹಾಜನರೇ, ಎಲ್ಲವೂ ನಿಯಂತ್ರಣದಲ್ಲಿದೆ. ಗಾಬರಿ ಬೇಡ!"

ತಟ್ಟೆ ಲೋಟಗಳು ಇನ್ನಷ್ಟು ಹಿಂದೆ ಸರಿದವು. ಡಬ್ಬಿಯೊಳಗಿದ್ದ ಬೇಳೆಯಂತೂ ಮುಚ್ಚಳವನ್ನೇ ತೆಗೆಯಲಿಲ್ಲ. ಊಟದ ಹೊತ್ತು ಮೀರುತ್ತಿತ್ತು.

ಸೌಟಿಗೆ ರೇಗಿತು. "ಅಂದೂ ಇದನ್ನೇ ಹೇಳಿದ್ದೆಯಲ್ಲ ಮಾರಾಯ! ಸಿಡಿಯುವ ಮೊದಲು ನಿನಗೆ ಗೊತ್ತಾಗಲಿಲ್ಲವೇ?"

ಕುಕ್ಕರ್ ತಲೆ ತಗ್ಗಿಸಿತು. "ಗೊತ್ತಾಗಿತ್ತು ಸೌಟಕ್ಕ. ಒಳಗೆ ಒತ್ತಡ ಏರುತ್ತಿತ್ತು. ಕೂಗಿದರೆ ನೀವೆಲ್ಲ ಹೆದರುತ್ತೀರೆಂದು ಕೂಗನ್ನು ನುಂಗಿಕೊಂಡೆ."

ಸೌಟು ಮೊಳೆಯಿಂದ ಇಳಿದು ಬಂದು ಒಲೆಯ ಪಕ್ಕದಲ್ಲೇ ಕೂತಿತು. "ನೀನು ಆಡಿದ್ದರಲ್ಲಿ ನಾನು ನಂಬಿದ ಮೊದಲ ಮಾತು ಇದು. ಬೇಳೆಯಮ್ಮ, ಬಾ."

ಸ್ವಲ್ಪ ಹೊತ್ತಿಗೆ ಕುಕ್ಕರ್ ಕಿವಿಗಡಚಿಕ್ಕುವಂತೆ ಕೂಗಿ, ಅಳುಕುತ್ತ ಕೇಳಿತು: "ಹೆದರಿಕೊಂಡಿರಾ?"

"ಇಲ್ಲಪ್ಪ," ಎಂದು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ ಸೌಟು ನಕ್ಕಿತು. "ನಮಗೆ ಹೆದರಿಕೆಯಾಗುವುದು ನೀನು ಸುಮ್ಮನಿದ್ದಾಗ."