ಹೊಳೆಯಾಚೆಯ ತಾಮ್ರದ ಮುದ್ರೆ

ಕೆಂಗಲ್ಲು ನಾಡಿನ ಅರಸ ಮಾಚರಸ ಡಂಗುರ ಹೊಡೆಸಿದ: "ಗಣಿ ಕಾಯಲು ಬಲ್ಲವನೊಬ್ಬ ಬೇಕಾಗಿದ್ದಾನೆ. ಗಣಿ ಕಾಯಬಲ್ಲವನೆಂದು ಹೊಳೆಯಾಚೆಯ ನಾಡು ಕೊಟ್ಟ ಗಣಿಮುದ್ರೆ ಇಲ್ಲಿ ಸಲ್ಲದು. ಅದನ್ನು ಹಿಡಿದು ಬಂದವರು ನನ್ನ ಮೂರು ಒಗಟು ಬಿಡಿಸಲಿ. ಒಂದು ತಪ್ಪಿದರೂ ದೀಪವಿಲ್ಲದೆ ಹಾಳುಬಾವಿಗೆ ಇಳಿಸುತ್ತೇನೆ."

ಹಿಂದಿನ ಗಣಿಗಾವಲಿನವನು ಸತ್ತು ಒಂಬತ್ತು ದಿನವಾಗಿತ್ತು. ಬಡಗಣ ಸುರಂಗದ ಆಸರೆಕಂಬಗಳನ್ನು ತಟ್ಟಿ ನೋಡುವವರೇ ಇರಲಿಲ್ಲ. ಅಲ್ಲಿ ಕಲ್ಲು ಒಡೆಯುತ್ತಿದ್ದ ಹದಿನಾಲ್ಕು ಜನರಲ್ಲಿ ಮುದ್ದಯ್ಯನ ತಮ್ಮ ಈರಣ್ಣನೂ ಒಬ್ಬ.

ಮುದ್ದಯ್ಯ ಆಚೆ ದಡದಲ್ಲಿ ಹನ್ನೆರಡು ವರ್ಷ ಗಣಿ ಕಾದವನು. ಕೊರಳಲ್ಲಿ ತಾಮ್ರದ ಮುದ್ರೆ ಕಟ್ಟಿಕೊಂಡು ಅರಮನೆಗೆ ಬಂದಾಗ ಅವನ ಮುಂದೆ ಅಂಥದೇ ಮುದ್ರೆ ಹಿಡಿದ ಇನ್ನಿಬ್ಬರಿದ್ದರು.

"ನಮಗಿಂತ ಮೊದಲು ಒಳಗೆ ಹೋಗುತ್ತದೆ. ಅದು ಸತ್ತ ಕಡೆ ನಾವೂ ಉಳಿಯೆವು. ಏನದು?" ಅರಸ ಕೇಳಿದ.

"ತಮ್ಮ ಅಪ್ಪಣೆ, ಮಹಾಸ್ವಾಮಿ," ಎಂದು ಮೊದಲು ನಿಂತಿದ್ದ ಚೆನ್ನವೀರ ಕೈಮುಗಿದ. ಅರಸ ನಗಲಿಲ್ಲ. ಭಟರು ಅವನನ್ನು ಎಳೆದೊಯ್ದರು.

ಮುದುಕ ಹಂಪಯ್ಯ "ದೀಪ" ಎಂದು ಬಚಾವಾದ.

"ಬದುಕಿಡೀ ಮೂಕ, ಸಾಯುವ ಮುನ್ನ ಒಮ್ಮೆ ಕೂಗುತ್ತದೆ. ಎರಡನೇ ಕೂಗಿಗೆ ಕಾದವನು ಮನೆಗೆ ಬರುವುದಿಲ್ಲ. ಏನದು?"

"ಬಂಡೆ."

ಅದು ತಪ್ಪಾಗಿತ್ತು. ಭಟರು ತೋಳು ಹಿಡಿದಾಗ ಹಂಪಯ್ಯ ತನ್ನ ಮುದ್ರೆಯನ್ನು ಮುದ್ದಯ್ಯನ ಕೈಗಿಟ್ಟ. "ನನ್ನ ಹೆಂಡತಿಗೆ ಮುಟ್ಟಿಸಪ್ಪಾ."

"ಏನಯ್ಯಾ, ನಿನ್ನ ಕಾಲು ನಡುಗ್ತಿದೆಯಲ್ಲ?" ಮಂತ್ರಿ ಮುದ್ದಯ್ಯನನ್ನು ಕೆಣಕಿದ.

"ನಡುಗ್ತಿದೆ ಸ್ವಾಮಿ. ನಡುಗದ ಕಾಲು ಗಣಿಗೆ ಇಳೀಬಾರದು." ಮುದ್ದಯ್ಯ ಅರಸನತ್ತ ತಿರುಗಿದ. "ಮೊದಲನೆಯದು ದೀಪವೇ. ಕೆಟ್ಟ ಗಾಳಿಗೆ ಅದು ಮೊದಲು ಆರುತ್ತೆ, ಆಮೇಲೆ ನಾವು. ಎರಡನೆಯದು ಆಸರೆಕಂಬ. ಮುರಿಯೋ ಮುನ್ನ ಕಿರ್ರೆನ್ನುತ್ತೆ. ಬಂಡೆಗೆ ಬಾಯಿಲ್ಲ."

"ನನ್ನ ನಾಡಿನಲ್ಲೂ ನಿನ್ನ ನಾಡಿನಲ್ಲೂ ಒಂದೇ ತೂಕ. ಯಾರ ಮುದ್ರೆಗೂ ತಲೆಬಾಗದು. ಏನದು?"

ಮುದ್ದಯ್ಯನ ಕಣ್ಮುಂದೆ ತಮ್ಮನ ತಲೆಯ ಮೇಲಿನ ಸುರಂಗದ ಸೂರು ಬಂತು.

"ಬೀಳೋ ಬಂಡೆ, ಮಹಾಸ್ವಾಮಿ. ಅದಕ್ಕೆ ಹೊಳೆ ಗೊತ್ತಿಲ್ಲ. ಅದನ್ನ ತಡೆಯೋ ವಿದ್ಯೆ ಎರಡೂ ದಡಕ್ಕೆ ಒಂದೇ ಆದಮೇಲೆ, ಈ ಮುದ್ರೆ ಯಾಕೆ ಸಲ್ಲಬಾರದು?"

ಅರಸನ ಒಗಟಿನಲ್ಲೇ ಅವನ ಕಾಯಿದೆ ಸೋತಿತ್ತು. "ಸಲ್ಲಲಿ," ಎಂದ ಅರಸ. "ಇವತ್ತಿನಿಂದ ಗಣಿ ನಿನ್ನ ಕೈಯಲ್ಲಿ. ಇನ್ನೇನು ಬೇಕು?"

"ಆ ಇಬ್ಬರನ್ನ ಮೇಲೆತ್ತಿಸಿ."

ಮುದ್ದಯ್ಯ ನೇರ ಬಡಗಣ ಸುರಂಗಕ್ಕೆ ಓಡಿದ. ನಲವತ್ತಮೂರು ಕಂಬ ತಟ್ಟಿದ, ಏಳು ಟೊಳ್ಳಾಗಿದ್ದವು. ಹದಿನಾಲ್ಕೂ ಜನರನ್ನು ಹೊರಗೆ ಕಳಿಸಿ, ತಮ್ಮನ ಹಿಂದೆ ತಾನೂ ಬಂದ ಮೇಲೆ ಸೂರು ಕುಸಿಯಿತು.

ಅಲ್ಲಿಂದ ಹಾಳುಬಾವಿಗೆ ಬಂದಾಗ ಭಟರು ಇನ್ನೂ ಹಗ್ಗ ಹೊಂದಿಸುತ್ತಿದ್ದರು; ಅವನು ದೀಪ ಇಳಿಬಿಟ್ಟ. ಮೂರು ಮಾರು ಇಳಿಯುವಷ್ಟರಲ್ಲಿ ಆರಿತು. ಕೊಕ್ಕೆ ಹಾಕಿ ಎರಡು ಹೆಣಗಳನ್ನು ಎತ್ತಿದರು.

ಮರುದಿನ ಹೊಳೆ ದಾಟಿ ಮುದ್ದಯ್ಯ ಹಂಪಯ್ಯನ ಹೆಂಡತಿಯ ಕೈಗೆ ಮುದ್ರೆಯನ್ನಿಟ್ಟ. ಅಷ್ಟು ಹೊತ್ತಿಗೆ ಅದು ಎರಡೂ ದಡದಲ್ಲಿ ಸಲ್ಲುತ್ತಿತ್ತು.