ಎರಡು ಚಿತ್ರಗಳ ನಡುವಿನ ಕುದುರೆ

ಕೃಷ್ಣೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಕಲಿಸುತ್ತಿದ್ದ ವಿದ್ಯೆ ಕಂಪ್ಯೂಟರಿನ ಆಟ.

ನಗುವವರು ಮೊದಲು ನಕ್ಕು ಮುಗಿಸಲಿ. ಗುರು ಹಾಲವ್ವನೂ ಹಾಗೆಯೇ ಕಾಯುತ್ತಿದ್ದಳು.

ತಗಡಿನ ಮಾಡು, ಒಂದು ಬೇವಿನ ಮರ, ಒಂಬತ್ತು ಯಂತ್ರ. ಅಷ್ಟೇ ಆಶ್ರಮ. ಶಿಷ್ಯರು ಅವಳನ್ನು ಅವ್ವಾರು ಎನ್ನುತ್ತಿದ್ದರು.

ಕಲಿತು ಹೊರಡಬೇಕೆನ್ನುವ ಶಿಷ್ಯನಿಗೆ ಒಂದೇ ಪರೀಕ್ಷೆ. ಅವನು ಒಂದು ಯಂತ್ರವನ್ನು ತನ್ನ ಕೈಯಾರೆ ಹದ ಮಾಡಬೇಕು. ಆ ಬೆಳಿಗ್ಗೆ ದೋಣಿಯಿಂದ ಯಾರು ಮೊದಲು ಇಳಿಯುತ್ತಾರೋ ಅವರನ್ನು ಅದರ ಮುಂದೆ ಕೂರಿಸಬೇಕು. ಆಡಿ ಎದ್ದವರನ್ನು ಹಾಲವ್ವ ಒಂದೇ ಮಾತು ಕೇಳುತ್ತಿದ್ದಳು.

"ಏನು ಕಂಡ್ರಿ?"

ಅವರು ಆಟದ ಮಾತಾಡಿದರೆ ಶಿಷ್ಯ ಹೊರಡಬಹುದು. ಯಂತ್ರದ ಮಾತಾಡಿದರೆ ಇನ್ನೊಂದು ವರ್ಷ.

ಈ ಪದ್ಧತಿ ಆಚೆ ದಂಡೆಯವರಿಗೂ ಗೊತ್ತಿತ್ತು. ಮಿಕ್ಕ ದಿನ ಒಬ್ಬರ ಕಾಲು ಒಬ್ಬರು ತುಳಿದು ಇಳಿಯುತ್ತಿದ್ದ ಜನ, ಪರೀಕ್ಷೆಯ ದಿನ ಮಾತ್ರ "ನೀವು ಮುಂದಾಗ್ರಿ, ನೀವು ಮುಂದಾಗ್ರಿ" ಎಂದು ಭಾರಿ ಮರ್ಯಾದಸ್ಥರಾಗುತ್ತಿದ್ದರು.

ಲಗಮಣ್ಣ ಎರಡು ಸಲ ಸೋತ ಶಿಷ್ಯ.

ಮೊದಲ ಸಲ ಅವನು ಇದ್ದ ಸೆಟ್ಟಿಂಗ್ ಎಲ್ಲವನ್ನೂ ತುದಿಗೇರಿಸಿದ್ದ. ಆಟದೊಳಗೆ ಹೊಳೆಯ ಬದಿಯಲ್ಲಿ ಒಂದು ಕುದುರೆ ಓಡಬೇಕು. ಹುಲ್ಲಿನ ಎಸಳೆಸಳಿಗೂ ನೆರಳು ಬಿತ್ತು. ನೀರಿನೊಳಗೆ ಮೋಡ ಕಂಡಿತು. ಕುದುರೆಯ ಮೈಮೇಲಿನ ಬೆವರೂ ಕಂಡಿತು.

ದೋಣಿಯಿಂದ ಇಳಿದ ಬಾವಿ ತೋಡುವವನು ಕೂತು ಆಡಿದ.

"ಏನು ಕಂಡ್ರಿ?"

"ಭಾಳ ಚಂದ ಐತ್ರಿ. ಆದ್ರ ಕುದುರಿ ನಾಕು ಹೆಜ್ಜಿ ಹೋಗತೈತಿ, ನಿಂತು ಉಸಿರು ತಗೋತೈತಿ."

"ಉಸಿರು ತಗೊಂಡದ್ದು ಕುದುರಿ ಅಲ್ಲ, ಯಂತ್ರ," ಎಂದಳು ಹಾಲವ್ವ. "ಲಗಮಣ್ಣಾ, ಇನ್ನೊಂದು ವರ್ಷ."

ಎರಡನೆಯ ಸಲ ಅವನು ಎಲ್ಲವನ್ನೂ ಕಿತ್ತುಹಾಕಿದ. ನೆರಳಿಲ್ಲ, ಹುಲ್ಲಿಲ್ಲ, ಮೋಡವಿಲ್ಲ. ಕುದುರೆ ಬೋಳು ನೆಲದ ಮೇಲೆ ಓಡಿತು.

ಸ್ಕ್ರೀನಿನ ಮೂಲೆಯಲ್ಲಿ ಒಂದು ಹಸಿರು ಅಂಕಿ ಇರುತ್ತದೆ. ಯಂತ್ರ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸುತ್ತಿದೆ ಎಂದು ಅದು ಹೇಳುತ್ತದೆ. ಆ ಅಂಕಿ ಇನ್ನೂರು ದಾಟಿತು. ಲಗಮಣ್ಣ ಅದನ್ನು ಬಾಣಂತಿ ತೊಟ್ಟಿಲು ನೋಡಿದ ಹಾಗೆ ನೋಡುತ್ತಿದ್ದ.

ಆ ಸಲ ಇಳಿದವರು ಒಬ್ಬ ಶಾಲೆಯ ಮಾಸ್ತರರು.

"ಚಿತ್ರ ನಡಬರಕ ಹರದೈತ್ರಿ," ಎಂದರು ಅವರು. "ಕುದುರಿ ತಲಿ ಒಂದು ಕಡೆ ಐತಿ, ಕಾಲು ಒಂದು ಕಡೆ ಅದಾವು."

"ಇನ್ನೂರು ಬಂದೈತ್ರಿ ಅವ್ವಾರ," ಎಂದ ಲಗಮಣ್ಣ. ಅವನಿಗೆ ಅಳು ಬರುವುದೊಂದು ಬಾಕಿ.

"ಈ ಸ್ಕ್ರೀನು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸತೈತಿ?"

"ಅರವತ್ತು ಸಲ ರೀ."

"ಅರವತ್ತು ತುತ್ತು ಉಣ್ಣೋ ಬಾಯಿಗೆ ಇನ್ನೂರು ತುತ್ತು ತುರುಕಿದಿ. ಒಂದು ತುತ್ತು ನುಂಗೂದ್ರಾಗ ಇನ್ನೊಂದು. ಹಿಂಗ ಉಣಿಸಿದ್ರ ಕೂಸು ಏನು ಮಾಡತೈತಿ, ಯಾರಾರ ತಾಯಿನ್ನ ಕೇಳಿ ಬಾ."

ಇನ್ನೊಂದು ವರ್ಷ.

ಮೂರನೆಯ ವರ್ಷ ಲಗಮಣ್ಣನಿಗೆ ಬೇರೆ ದಾರಿ ಉಳಿದಿರಲಿಲ್ಲ. ಅವನ ಊರಿನಲ್ಲಿ ಆಟವಾಡುವ ಐವರ ತಂಡವೊಂದು ಸಜ್ಜಾಗುತ್ತಿತ್ತು. ನಾಲ್ವರು ಸೇರಿ ಐದನೆಯ ಜಾಗವನ್ನು ಅವನಿಗೆಂದೇ ಇಷ್ಟು ದಿನ ಹಿಡಿದಿಟ್ಟಿದ್ದರು. ಈ ಸಲವೂ ಬಾರದಿದ್ದರೆ ಬೇರೊಬ್ಬನನ್ನು ಕೂರಿಸುತ್ತೇವೆಂದು ಹೇಳಿ ಕಳಿಸಿದ್ದರು.

ಹೇಳದೆ ಹೋಗಬಹುದಿತ್ತು. ಆಶ್ರಮದ ಬಾಗಿಲಿಗೆ ಚಿಲಕವೇ ಇರಲಿಲ್ಲ. ಆದರೆ ಹಾಗೆ ಹೋದವರು ಮುಂದೆ ಎಂದೂ ನಾನು ಹಾಲವ್ವನ ಶಿಷ್ಯ ಎಂದು ಬಾಯಿ ಬಿಟ್ಟು ಹೇಳಿದ್ದಿಲ್ಲ.

ಈ ಸಲ ಅವನು ವಿ-ಸಿಂಕ್ ಎಂಬ ಸೆಟ್ಟಿಂಗ್ ಹಾಕಿದ. ಹಾಕಿದರೆ ಯಂತ್ರದೊಳಗೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಒಂದನ್ನು ಬಿಡಿಸಿಟ್ಟುಕೊಂಡು, ಸ್ಕ್ರೀನು ಕೇಳುವವರೆಗೆ ಕಾಯುತ್ತದೆ. ನುಂಗಿ ಮುಗಿದ ಮೇಲೆಯೇ ಮುಂದಿನ ತುತ್ತು. ಚಿತ್ರ ಹರಿಯುವುದು ನಿಂತಿತು. ನೆರಳು, ಹುಲ್ಲು, ಮೋಡ ಅರ್ಧಕ್ಕರ್ಧ ಮರಳಿ ಬಂದವು.

ಆದರೆ ಈಗ ಇನ್ನೊಂದು ತೊಡಕು. ಕೈ ತಿರುಗಿಸಿದರೆ ಕುದುರೆ ಒಂದು ಕೂದಲೆಳೆ ತಡವಾಗಿ ತಿರುಗುತ್ತಿತ್ತು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಅವನು ಹಾಲವ್ವನ ಮುಂದೆ ಹೋಗಿ ನಿಂತ.

"ತುಂಬಿದ್ರ ಮುಗ್ಗರಸತೈತಿ. ಖಾಲಿ ಮಾಡಿದ್ರ ಹರೀತೈತಿ. ಕಾಯಿಸಿದ್ರ ತಡ ಆಗತೈತಿ. ದೋಷ ಇಲ್ಲದ ಸೆಟ್ಟಿಂಗ್ ಒಂದೂ ಇಲ್ಲೇನ್ರಿ ಅವ್ವಾರ?"

ಹಾಲವ್ವ ಎದ್ದು ಬಂದು ಅವನ ಪಕ್ಕ ಕೂತಳು.

"ಕುದುರಿ ಓಡಿಸು."

ಓಡಿಸಿದ.

"ಸೆಕೆಂಡಿಗೆ ಅರವತ್ತು ಚಿತ್ರ ಬರಾಕತ್ತಾವಲ್ಲ, ಮೂವತ್ತು ಮಾಡು."

ಮಾಡಿದ. ಕುದುರೆ ತುಸು ಭಾರವಾಯಿತು. ಆದರೂ ಓಡಿತು.

"ಹತ್ತು."

ಕುದುರೆ ಕಟ್ಟಿಗೆಯ ಗೊಂಬೆಯಂತೆ ಕುಕ್ಕುತ್ತಾ ಓಡಿತು.

"ಒಂದು ಮಾಡು."

"ಒಂದಕ್ಕ ಯಾರೂ ಆಡಂಗಿಲ್ರಿ."

"ಆಡು ಅಂತ ಯಾರು ಹೇಳಿದ್ರು? ನೋಡು ಅಂದೆ."

ಒಂದು ಮಾಡಿದ.

ಕುದುರೆ ನಿಂತಿತು. ಮುಂಗಾಲು ಮೇಲೆತ್ತಿ, ಜೂಲು ಗಾಳಿಯಲ್ಲಿ ಹರಡಿ, ಹಾಗೇ ನಿಂತಿತು. ಆಮೇಲೆ ಆ ಕುದುರೆ ಇರಲಿಲ್ಲ. ಹತ್ತು ಮಾರು ಆಚೆ ಇನ್ನೊಂದು ಕುದುರೆ ಇತ್ತು. ಅದೂ ನಿಂತದ್ದೇ.

"ಇಲ್ಲಿಂದ ಅಲ್ಲಿಗೆ ಹೆಂಗ ಹೋತು?" ಹಾಲವ್ವ ಕೇಳಿದಳು.

"ಹೋಗಲಿಲ್ರಿ. ಇಲ್ಲೊಂದು ಚಿತ್ರ, ಅಲ್ಲೊಂದು ಚಿತ್ರ."

"ನಡಕ?"

"ನಡಕ ಏನಿಲ್ರಿ."

"ಅರವತ್ತು ಇದ್ದಾಗ ನಡಕ ಏನಿತ್ತು?"

ಲಗಮಣ್ಣ ಬಾಯಿ ತೆರೆದ.

"ಬಾಯಿ ತೆಗೆದಿ ಅಂದಮ್ಯಾಲೆ ಏನಾರ ಹೇಳು."

"ಅಲ್ಲೂ ಏನಿಲ್ರಿ. ಅರವತ್ತೂ ನಿಂತ ಚಿತ್ರಾನ ರೀ."

"ಇನ್ನೂರರಾಗ?"

"ಇನ್ನೂರೂ ನಿಂತವು."

"ಹಂಗಾರ ಮೂರು ವರ್ಷ ನೀ ಓಡಿಸಿದ ಕುದುರಿ ಎಲ್ಲಿ ಓಡ್ತು?"

ಅಷ್ಟು ಹೇಳಿ ಹಾಲವ್ವ ಎದ್ದು ಹೋದಳು.

ಲಗಮಣ್ಣ ಕೂತೇ ಇದ್ದ. ಈ ಕುದುರೆಯನ್ನು ಅವನು ಹತ್ತು ಸಾವಿರ ಸಲವಾದರೂ ಏರಿದ್ದ. ಅದರ ಓಟಕ್ಕೆ ಅವನ ಎದೆ ಬಡಿದಿತ್ತು. ಹಳ್ಳ ಹಾರುವಾಗ ಅವನೂ ಕುರ್ಚಿಯಿಂದ ಎದ್ದಿದ್ದ. ಆ ಕುದುರೆ ಒಂದೇ ಒಂದು ಹೆಜ್ಜೆಯನ್ನೂ ಎಂದೂ ಇಟ್ಟಿರಲಿಲ್ಲ.

ಅವನು ಮತ್ತೆ ಅರವತ್ತಕ್ಕೆ ಏರಿಸಿದ. ಕುದುರೆ ಓಡಿತು. ಓಡುತ್ತಿಲ್ಲ ಎಂದು ಗೊತ್ತಿದ್ದೂ ಓಡಿತು. ನಿಲ್ಲಿಸಿ ನೋಡೋಣವೆಂದು ಕಣ್ಣು ಬಿಗಿಹಿಡಿದು ನೋಡಿದ. ಆಗಲಿಲ್ಲ. ಅವನ ಅಪ್ಪಣೆ ಕೇಳದೆ ಅವನೊಳಗೇ ಯಾರೋ ಎರಡು ಚಿತ್ರಗಳ ನಡುವಿನ ಕಂದರ ಮುಚ್ಚುತ್ತಿದ್ದರು. ಸೆಕೆಂಡಿಗೆ ಅರವತ್ತು ಸಲ. ಹುಟ್ಟಿದಾಗಿನಿಂದ.

ಅವನಿಗೆ ಅಲ್ಲಿ ಕೂರಲಾಗಲಿಲ್ಲ. ಹೊಳೆಯ ದಂಡೆಗೆ ಹೋಗಿ ನಿಂತ. ಒಂದು ಮಿಂಚುಳ್ಳಿ ನೀರಿಗೆ ಬಿತ್ತು, ಮೀನು ಕಚ್ಚಿಕೊಂಡು ಎದ್ದಿತು. ಲಗಮಣ್ಣ ಅಂಥದ್ದನ್ನು ಈವರೆಗೆ ನೋಡಿಯೇ ಇಲ್ಲದವನಂತೆ ನೋಡಿದ.

"ಯಂತ್ರ ಹದ ಮಾಡೋದು ಬಿಟ್ಟು ಹಕ್ಕಿ ನೋಡಾಕತ್ಯಾನ," ಎಂದು ಉಳಿದ ಶಿಷ್ಯರು ಆಡಿಕೊಂಡರು. "ಈ ಸಲನೂ ಇಲ್ಲೇ ಇರತಾನ, ಬಿಡ್ರಿ."

ಯಂತ್ರವನ್ನು ಅವನು ಆಮೇಲೆ ಮುಟ್ಟಲಿಲ್ಲ.

ಬೆಳಿಗ್ಗೆ ದೋಣಿ ಬಂತು. ಬಳೆಯ ಬುಟ್ಟಿ ಹೊತ್ತ ಹುಸೇನಬಿ ಮೊದಲು ಇಳಿದಳು. ಹಿಂದಿದ್ದವರು ನಿಟ್ಟುಸಿರು ಬಿಟ್ಟರು.

"ಮುದುಕಿ ಅಂತ ದಾರಿ ಬಿಟ್ರು ಅನಕೊಂಡಿದ್ದೆ," ಎಂದಳು ಹುಸೇನಬಿ, ಕಾದು ನಿಂತ ಲಗಮಣ್ಣನನ್ನು ಕಂಡು. "ಹರಾಮಖೋರರು."

"ಒಂದೀಟು ಹೊತ್ತು ಕೂಡ್ರಬೇಕು ಚಾಚಿ."

"ನನಗೇನು ಬರತೈತಿ ತಮ್ಮಾ? ನನ್ನ ಮೊಮ್ಮಕ್ಕಳನ್ನ ಕರಕೊಂಡು ಬರ್ತೀನಿ, ದಿನಾ ಪೂರ್ತಿ ಕೂಡ್ರತಾವು."

"ಇದು ಮುಂದ ಹೋಗಾಕ. ಇದು ತಿರುಗಾಕ. ಇಷ್ಟ."

ಅವಳು ಬುಟ್ಟಿ ಇಳಿಸಿ ಕೂತಳು. ನಲವತ್ತು ವರ್ಷ ಬಳೆ ತೊಡಿಸಿದ ಕೈ ಅವಳದು. ಎಂಥ ಗಡುಸು ಮುಂಗೈಯಾದರೂ ಮೆಲ್ಲಗೆ ಹಿಸುಕಿ, ಗಾಜು ಒಡೆಯುವ ಮೊದಲೇ ಅದರ ನೋವು ತಿಳಿಯುವ ಕೈ.

ಕುದುರೆ ಹೊರಟಿತು.

ಲಗಮಣ್ಣ ಯಾವಾಗಿನಂತೆ ಅವಳ ಬೆನ್ನ ಹಿಂದೆ ನಿಂತು ಹಸಿರು ಅಂಕಿ ನೋಡಿದ. ಅರವತ್ತು. ಅಲುಗಾಡದ ಅರವತ್ತು. ಆದರೆ ಇವತ್ತು ಅವನಿಗೆ ಒಂದು ಸಂಗತಿ ಗೊತ್ತಿತ್ತು. ಕುದುರೆ ಅಲ್ಲಿಲ್ಲ.

ಅವನು ಸುತ್ತು ಹಾಕಿ ಎದುರಿಗೆ ಬಂದು ಹುಸೇನಬಿಯ ಮುಖ ನೋಡಿದ.

ಅವಳ ಕಣ್ಣು ಓಡುತ್ತಿತ್ತು. ತಿರುವು ಬಂತು. ಕೈ ತಿರುಗಿತು. ಕಣ್ಣು ಹುಡುಕಿತು, ಕಾಯಿತು, ಹುಬ್ಬು ಗಂಟಿಕ್ಕಿತು, ಆಮೇಲೆ ಸರಿಹೋಯಿತು. ಮತ್ತೊಂದು ತಿರುವು. ಮತ್ತೆ ಹುಬ್ಬು. ಕುದುರೆ ಅವಳ ಕಣ್ಣಿನ ಹೊಸ್ತಿಲವರೆಗೆ ಬರುತ್ತಿತ್ತು, ಒಳಗೆ ಕಾಲಿಡದೆ ನಿಂತುಬಿಡುತ್ತಿತ್ತು.

"ಚಾಚಿ, ಒಂದೀಟು ಏಳ್ರಿ."

ಶಿಷ್ಯರೆಲ್ಲ ಗುಸುಗುಸು ಎಂದರು. ಪರೀಕ್ಷೆಯ ನಡುವೆ ಯಾರೂ ಯಂತ್ರ ಮುಟ್ಟಿದ್ದಿಲ್ಲ. ಲಗಮಣ್ಣ ಹಾಲವ್ವನತ್ತ ನೋಡಿದ. ಅವಳು ಮೊರದಲ್ಲಿ ಅಕ್ಕಿಯ ಹರಳು ಆರಿಸುತ್ತಿದ್ದಳು.

"ನನ್ನ ಮುಖ ಯಾಕ ನೋಡ್ತಿ? ಕುದುರಿ ಮ್ಯಾಲೆ ಕೂತಾಕಿ ನಾನೇನು?"

ಅವನು ಸೆಟ್ಟಿಂಗ್ಸ್ ತೆರೆದ.

ಸ್ಕ್ರೀನು ಕೇಳಿದಾಗ ಕಾರ್ಡಿನ ಕೈ ಬರಿದಾಗಿರಬಾರದೆಂದು ಅವನು ಮೂರು ಚಿತ್ರಗಳನ್ನು ಮೊದಲೇ ಬಿಡಿಸಿ ಸಾಲಿನಲ್ಲಿ ನಿಲ್ಲಿಸಿಟ್ಟಿದ್ದ. ಹುಸೇನಬಿ ಕೈ ತಿರುಗಿಸಿದರೆ ಆ ಮೂರು ಹಳೆಯ ಚಿತ್ರ ದಾಟಿದ ಮೇಲೆಯೇ ಅವಳ ತಿರುವು ಕಾಣುತ್ತಿತ್ತು. ಅಲ್ಲಿ ಸಾಲುಗಟ್ಟಿ ನಿಂತದ್ದು ಚಿತ್ರಗಳಲ್ಲ, ಲಗಮಣ್ಣನ ಅಂಜಿಕೆ.

ಮೂರನ್ನು ಒಂದು ಮಾಡಿದ.

ಒಂದೇ ಉಳಿದ ಮೇಲೆ ಕಾರ್ಡು ಒಮ್ಮೆಯೂ ತಡ ಮಾಡುವಂತಿಲ್ಲ. ಅದರ ಹೊರೆ ಇಳಿಸಬೇಕು. ಏನನ್ನು ಇಳಿಸುವುದು? ಅವನು ಮೂರು ವರ್ಷದಲ್ಲಿ ಯಾರನ್ನೂ ಕೇಳದ ಮಾತು ಕೇಳಿದ.

"ಚಾಚಿ, ಗುಡ್ಡದ ಮ್ಯಾಲಿನ ಗಿಡ ನೋಡಿದ್ರೇನು?"

"ಗುಡ್ಡ ಇತ್ತೇನು?"

ಗಿಡಗಳನ್ನು ತೆಗೆದ.

"ಮೋಡ?"

"ಕುದುರಿ ಮ್ಯಾಲೆ ಕೂತು ಯಾರರ ಮುಗಿಲು ನೋಡತಾರೇನು? ಬಿದ್ದು ಸೊಂಟಾ ಮುರಕೊಳ್ಳಾಕ?"

ಮೋಡ ತೆಗೆದ.

"ನೀರು?"

ಹುಸೇನಬಿ ಸ್ಕ್ರೀನಿನತ್ತ ಬಗ್ಗಿದಳು.

"ನೀರು ಇರಲಿ ತಮ್ಮಾ. ಅದರ ಮ್ಯಾಲೆ ಬಿಸಿಲು ಅಲಗಾಡತೈತಿ."

ನೀರನ್ನು ಅದರ ಬಿಸಿಲಿನ ಸಮೇತ ಬಿಟ್ಟ. ಕೊನೆಗೆ ಮೂಲೆಯ ಹಸಿರು ಅಂಕಿಯನ್ನು ಅಳಿಸಿದ. ಆ ಜಾಗದಲ್ಲಿ ಬರೀ ಆಕಾಶ ಉಳಿಯಿತು.

ಹುಸೇನಬಿ ಮತ್ತೆ ಕೂತಳು.

ತಿರುವು ಬಂತು. ಕೈ ತಿರುಗಿತು. ಹುಬ್ಬು ಗಂಟಿಕ್ಕಲಿಲ್ಲ. ಇನ್ನೊಂದು ತಿರುವು. ಅವಳ ಮೈ ತುಸು ಬಾಗಿತು. ಮೇಜಿನ ಕೆಳಗೆ ಹಿಮ್ಮಡಿ ಒತ್ತಿತು, ಪಕ್ಕೆ ತಿವಿದು ಓಡಿಸುವವರ ಹಾಗೆ. ತುಟಿ ತೆರೆಯಿತು. ಸೆರಗು ತಲೆಯಿಂದ ಜಾರಿತು, ಅವಳಿಗೆ ಗೊತ್ತಾಗಲಿಲ್ಲ.

ಲಗಮಣ್ಣ ನೋಡುತ್ತಾ ನಿಂತ. ಎಲ್ಲಿಯೂ ಇಲ್ಲದ ಕುದುರೆಯೊಂದು ಒಬ್ಬ ಮುದುಕಿಯ ಮುಖದಲ್ಲಿ ಗೊರಸು ಎತ್ತಿ ಓಡುತ್ತಿತ್ತು. ಅವಳ ಕಣ್ಣಿನಲ್ಲಿ ಬಿಸಿಲು ಅಲುಗಾಡುತ್ತಿತ್ತು. ತನ್ನ ಎರಡೂ ಕೈ ಯಾವಾಗ ಕೂಡಿಕೊಂಡವೋ ಅವನಿಗೆ ತಿಳಿಯಲಿಲ್ಲ.

ಹಾಲವ್ವನ ಬೆರಳು ಅಕ್ಕಿಯೊಳಗೆ ನಿಂತಿತ್ತು.

ದೋಣಿ ತಿರುಗಿ ಹೊರಡುತ್ತದೆಂದು ಅಂಬಿಗ ಎರಡು ಸಲ ಕೂಗಿದ. ಮೂರನೆಯ ಕೂಗಿಗೆ ಹುಸೇನಬಿ ಎದ್ದಳು. ಎದ್ದವಳು ಮೇಜು ಹಿಡಿದುಕೊಂಡಳು. ಬಹಳ ಹೊತ್ತು ಸವಾರಿ ಮಾಡಿ ಇಳಿದವರಿಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ.

"ಏನು ಕಂಡಿ, ಹುಸೇನಬಿ?" ಹಾಲವ್ವ ಕೇಳಿದಳು.

"ಕಾಣೂದೆಲ್ಲಿದು ಅಕ್ಕಾರ," ಎಂದಳು ಅವಳು, ಸೆರಗು ಹುಡುಕುತ್ತಾ. "ನಾ ಇಲ್ಲಿ ಇರಲೇ ಇಲ್ಲ. ಹೋಗಿದ್ದೆ."

ಬುಟ್ಟಿ ಎತ್ತಿಕೊಂಡು, ಊರಿನ ದಾರಿ ಹಿಡಿದು ಅವಳು ನಿಧಾನ ನಡೆದುಹೋದಳು.

"ದೋಣಿ ತಿರುಗಿ ಹೊಂಟೈತಿ," ಎಂದಳು ಹಾಲವ್ವ ಲಗಮಣ್ಣನಿಗೆ. "ಗಂಟು ತಗೊಂಡು ಹತ್ತು. ನಿನ್ನ ಮಂದಿ ದಾರಿ ನೋಡತಿರತಾರ."

ಅವನು ಗಂಟು ತಂದ. ಅವಳ ಕಾಲು ಮುಟ್ಟಿದ. ಎದ್ದ. ಹೋಗಲಿಲ್ಲ.

"ಇನ್ನೂ ಯಾಕ ನಿಂತಿ?"

"ಅವ್ವಾರ, ಇಲ್ಲಿ ಇದ್ದದ್ದು ಒಂದು ಗಾಜು, ಒಂದಿಷ್ಟು ಬೆಳಕು. ಅದರೊಳಗ ದಾರಿ ಇಲ್ಲ, ಹೊಳಿ ಇಲ್ಲ. ಚಾಚಿ ಎಲ್ಲಿಗೆ ಹೋಗಿದ್ರು?"

ಹಾಲವ್ವ ಖಾಲಿ ಕುರ್ಚಿಯನ್ನು ನೋಡಿದಳು.

"ಅದು ತಿಳಿದಿದ್ರ," ಎಂದಳು, "ನಾನೂ ಯಾವಾಗೋ ದೋಣಿ ಹತ್ತಿ ಹೋಗತಿದ್ನಲ್ಲೋ."