ಕೂದಲಲ್ಲಿ ಉಳಿದ ಊಟ

ನದಿಯ ದಂಡೆಯಲ್ಲಿ ಅಡವಯ್ಯನವರ ಆಶ್ರಮವಿತ್ತು. ಅಲ್ಲಿ ಎಲ್ಲರಿಗೂ ಒಂದೇ ಊಟ: ಜೋಳದ ರೊಟ್ಟಿ, ಬೇಳೆ, ಸೊಪ್ಪು, ಮಜ್ಜಿಗೆ. ಕಟ್ಟಳೆಯೂ ಒಂದೇ: ಯಾವ ಜೀವಕ್ಕೂ ನೋವು ಮಾಡಬಾರದು.

ಮಳೆಗಾಲದ ಮೊದಲಲ್ಲಿ ವಿಶ್ವವಿದ್ಯಾಲಯದಿಂದ ಸುನಂದಾ ಎಂಬ ಸಂಶೋಧಕಿ ಬಂದಳು. ನದಿಯ ಆಚೀಚೆಯ ಜನ ಏನು ತಿನ್ನುತ್ತಾರೆ ಎಂಬುದು ಅವಳ ಅಧ್ಯಯನ. ಅದನ್ನು ಅವಳು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಒಪ್ಪಿದವರ ಹಿಂದಲೆಯಿಂದ ಒಂದಿಷ್ಟು ಕೂದಲು ಕತ್ತರಿಸಿಕೊಳ್ಳುತ್ತಿದ್ದಳು.

"ತಿಂದದ್ದು ಕೂದಲಿನಲ್ಲಿ ಗುರುತು ಬಿಡುತ್ತದೆ," ಎಂದಳು ಅವಳು. "ಸಾರಜನಕದಲ್ಲಿ ಭಾರದ್ದು, ಹಗುರದ್ದು ಎಂದು ಎರಡು ಬಗೆ. ಮೀನು, ಮಾಂಸ ತಿನ್ನುವವರ ಕೂದಲಿನಲ್ಲಿ ಭಾರದ್ದು ಹೆಚ್ಚಿರುತ್ತದೆ. ಕೂದಲಿನ ತುದಿ ಹಳೆಯ ಊಟ ಹೇಳುತ್ತದೆ, ಬುಡ ಈಚಿನದು."

ಅಡವಯ್ಯನವರು ಮೊದಲು ತಾವೇ ತಲೆ ಬಗ್ಗಿಸಿದರು. ಶಿಷ್ಯರೆಲ್ಲ ಕೊಟ್ಟರು. ಶಂಭುಲಿಂಗನೂ ಕೊಟ್ಟ.

ಶಂಭುಲಿಂಗ ಎಲ್ಲರಿಗಿಂತ ಕಟ್ಟುನಿಟ್ಟಿನ ಶಿಷ್ಯ. ಕಾರ್ತಿಕದ ಹುಣ್ಣಿಮೆಗೆ ಅವನಿಗೆ ದೀಕ್ಷೆ ಆಗುವುದಿತ್ತು. ತಾನು ಅದಕ್ಕೆ ಯೋಗ್ಯನೋ ಅಲ್ಲವೋ ಎಂಬ ಚಿಂತೆ ಯುಗಾದಿಗೂ ಮೊದಲಿನಿಂದ ಅವನನ್ನು ಕೊರೆಯುತ್ತಿತ್ತು.

ಆಗಿನಿಂದಲೇ ತಟ್ಟೆಯ ಮುಂದೆ ಕೂತಾಗ ಹಸಿವಾದರೆ ಅವನಿಗೆ ನಾಚಿಕೆಯಾಗುತ್ತಿತ್ತು. ಅರ್ಧ ರೊಟ್ಟಿ ತಿಂದು ಉಳಿದದ್ದನ್ನು ಯಾರಿಗೂ ಕಾಣದಂತೆ ಹಸುವಿಗೆ ಹಾಕತೊಡಗಿದ. ಬರಬರುತ್ತ ಆ ಅರ್ಧವೂ ಹೆಚ್ಚೆನಿಸಿತು.

ನವರಾತ್ರಿ ಕಳೆದ ಮೇಲೆ ಸುನಂದಾ ಮತ್ತೆ ಬಂದಳು. ಒಬ್ಬೊಬ್ಬರನ್ನೇ ಜಗಲಿಗೆ ಕರೆದು ಅವರವರದನ್ನು ಅವರವರಿಗೆ ಹೇಳಿದಳು.

"ನಿಮ್ಮದು ಉಳಿದವರ ಹಾಗಿಲ್ಲ," ಎಂದಳು ಶಂಭುಲಿಂಗನಿಗೆ. "ತುದಿ ಎಲ್ಲರಂತೆಯೇ ಇದೆ. ಬುಡದ ಕಡೆ ಬರಬರುತ್ತ ಮಾಂಸ ತಿನ್ನುವವರ ಕೂದಲಿನಂತೆ ಆಗಿದೆ. ಆದರೆ..."

ಆಮೇಲಿನದು ಅವನಿಗೆ ಕೇಳಿಸಲಿಲ್ಲ. ಕಿವಿಯಲ್ಲಿ ಗುಂಯ್ ಎಂದಿತು. ಎದ್ದು ನಡೆದುಬಿಟ್ಟ.

ಮೀನು ಹಿಡಿಯುವ ದೋಣಿಯವರ ಮನೆಯಲ್ಲಿ ಒಮ್ಮೆ ನೀರು ಕುಡಿದದ್ದು ನೆನಪಾಯಿತು. ಆ ತಂಬಿಗೆಯಲ್ಲಿ ಏನಿತ್ತೋ. ಯಾರದೋ ಮದುವೆಯಲ್ಲಿ ಬಡಿಸಿದ ಸಾರು ನೆನಪಾಯಿತು. ನಿದ್ದೆಯಲ್ಲೇನಾದರೂ ಎದ್ದು ಹೋಗಿ ತಿಂದಿದ್ದೆನೇ ಎಂದು ಅಂಗೈ ಮೂಸಿ ನೋಡಿಕೊಂಡ.

ಬಾವಿಯ ಹತ್ತಿರ ಇಬ್ಬರು ಮಾತಾಡುತ್ತಿದ್ದರು. ಇವನು ಹತ್ತಿರ ಬಂದಾಗ ಸುಮ್ಮನಾದರು. ತನ್ನ ವಿಷಯವೇ ಇರಬೇಕು ಎಂದುಕೊಂಡ. ಅಂದಿನ ಊಟಕ್ಕೆ ಅವನು ಕೂರಲೇ ಇಲ್ಲ.

ಮರುದಿನ ಬೆಳಿಗ್ಗೆ ತಡೆಯಲಾರದೆ ನದಿಯ ಮೆಟ್ಟಿಲಿಗೆ ಹೋದ. ಅಡವಯ್ಯನವರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು.

"ಗುರುಗಳೇ, ನಾನು ಮಾಂಸ ತಿಂದಿಲ್ಲ."

"ತಿಂದಿದ್ದೀಯ ಅಂತ ಯಾರು ಹೇಳಿದರು?"

"ನನ್ನ ಕೂದಲು."

"ಕೂದಲಿಗೆ ಸುಳ್ಳು ಹೇಳಲು ಬರುತ್ತದೆಯೇ?"

"ಬರುವುದಿಲ್ಲ."

"ಹಾಗಾದರೆ ತಿಂದಿದ್ದೀಯ."

ಶಂಭುಲಿಂಗ ಮೆಟ್ಟಿಲ ಮೇಲೆ ಕೂತುಬಿಟ್ಟ. "ನೀವೂ ಹೀಗಂದರೆ ನಾನು ಎಲ್ಲಿಗೆ ಹೋಗಲಿ?"

"ಕೈ ಕೊಡು," ಎಂದರು ಅಡವಯ್ಯನವರು.

ಹೆಬ್ಬೆರಳು, ನಡುಬೆರಳು ಕೂಡಿಸಿ ಅವನ ಮಣಿಕಟ್ಟಿಗೆ ಬಳೆಯಂತೆ ಹಾಕಿದರು. ಮೆಲ್ಲಗೆ ಮೇಲಕ್ಕೆ ಸರಿಸಿದರು. ಬೆರಳುಗಳು ಎಲ್ಲೂ ಬಿಟ್ಟುಕೊಳ್ಳಲಿಲ್ಲ. ಬಳೆ ಮೊಣಕೈಯ ಮೂಳೆಗೆ ತಾಗಿ ನಿಂತಿತು.

"ಇಲ್ಲಿದ್ದ ಮಾಂಸ ಎಲ್ಲಿ ಹೋಯಿತು?"

ಶಂಭುಲಿಂಗ ಕೈ ಹಿಂದಕ್ಕೆ ಎಳೆದುಕೊಂಡ.

"ಆ ಹೆಣ್ಣುಮಗಳು ನಿನ್ನನ್ನು ಎಲ್ಲ ಕಡೆ ಹುಡುಕಿದಳು. ನೀನು ಸಿಗಲಿಲ್ಲ. ಗಾಬರಿಯಾಗಿ ನನ್ನ ಹತ್ತಿರ ಬಂದಳು. ಊಟ ಸಾಲದ ದೇಹ ತನ್ನ ಮಾಂಸವನ್ನೇ ಕರಗಿಸಿ ತಿನ್ನುತ್ತದಂತೆ. ಆಡಿನದೋ ತನ್ನದೋ, ಕೂದಲಿಗೆ ಎರಡೂ ಒಂದೇ."

ಶಂಭುಲಿಂಗನ ಎದೆಯೊಳಗೆ ಬಿಗಿಹಿಡಿದಿದ್ದ ಉಸಿರು ಹೊರಗೆ ಬಂತು.

"ಹಾಗಾದರೆ ನನ್ನಿಂದ ತಪ್ಪಾಗಿಲ್ಲ. ದೀಕ್ಷೆಗೆ ಅಡ್ಡಿ ಇಲ್ಲ."

ಅಡವಯ್ಯನವರು ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಅವನ ಬಾಯಿಯ ಹತ್ತಿರ ಹಿಡಿದರು.

ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಶಂಭುಲಿಂಗನ ಬಾಯಲ್ಲಿ ನೀರೂರಿತು. ಆ ಹಳೆಯ ನಾಚಿಕೆ ಕೂಡಲೇ ಎದ್ದು ಬಂತು. ಮುಖ ಹಿಂದಕ್ಕೆ ತೆಗೆದ.

"ಈ ಹುಣ್ಣಿಮೆ ಕಳೆಯಲಿ ಗುರುಗಳೇ. ಆಮೇಲೆ ಉಣ್ಣುತ್ತೇನೆ. ಹೇಗೂ ನಾನು ಯಾವ ಜೀವವನ್ನೂ ಕೊಂದಿಲ್ಲವಲ್ಲ."

ಅಡವಯ್ಯನವರು ತುತ್ತು ಹಿಡಿದ ಕೈಯನ್ನು ಇಳಿಸಲಿಲ್ಲ.

"ನೀನು ತಿನ್ನುತ್ತಿರುವ ಜೀವ ಇನ್ನೂ ಸತ್ತಿಲ್ಲ, ಅಷ್ಟೇ. ಬಾಯಿ ತೆಗೆ."